ಕಣ್ಣೊಳಗೆ ಡಯಾಲಿಸಿಸ್ ಚೀಲ ಇರೋದಿಲ್ಲ

ಪೊಲಾಕ್ಸಮರ್, ಕೈಟೋಸಾನ್, ಪಿಎಲ್‌ಜಿಎ, ಔಷಧ ಹಿಡಿದಿಡುವ ಈ ಪಾಲಿಮರ್‌ಗಳಲ್ಲಿ ಯಾವುದರ ಜೆಲ್ ಚುಚ್ಚಿದರೆ ಗ್ಲಾಕೋಮಾ (ಕಣ್ಣಿನ ಒತ್ತಡದ ಕಾಯಿಲೆ) ಆಪರೇಷನ್ ಆದಮೇಲೆ, ಗಾಯ ಮಾಯೋದನ್ನು ತಡೆಯುವ ಮೈಟೋಮೈಸಿನ್ ಔಷಧವನ್ನು 28 ದಿನ ನಿಧಾನವಾಗಿ ಬಿಡುತ್ತೆ ಅಂತ ಕೇಳಿದ್ದೀರಿ. ಎಂ.ಫಾರ್ಮ್ ಪ್ರಾಜೆಕ್ಟ್ ಅಂತಾನೂ ಬರೆದಿದ್ದೀರಿ. ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ನಾನೂ ಕಲಬುರಗಿಯಲ್ಲಿ ಎಂ.ಫಾರ್ಮ್ ಮಾಡುವಾಗ ಹೀಗೇ ಪಾಲಿಮರ್ ಹುಡುಕಿಕೊಂಡು ಹೊರಟವನು.

ನನ್ನ ಔಷಧ 5-ಫ್ಲೋರೋಯುರಾಸಿಲ್, ಅದೂ ಗಾಯ ಮಾಯೋದನ್ನು ತಡೆಯುವಂಥದ್ದೇ. ಟ್ರಾಬೆಕ್ಯುಲೆಕ್ಟಮಿ ಅನ್ನೋ ಗ್ಲಾಕೋಮಾ ಆಪರೇಷನ್‌ನಲ್ಲಿ ಕಣ್ಣೊಳಗಿನ ನೀರು ಹೊರಗೆ ಹರಿಯಲು ಒಂದು ದಾರಿ ಮಾಡುತ್ತಾರೆ. ಆ ನೀರು ಬಿಳಿಭಾಗದ ಮೇಲಿನ ತೆಳು ಪೊರೆಯ ಕೆಳಗೆ ಗುಳ್ಳೆಯ ಹಾಗೆ ನಿಲ್ಲುತ್ತದೆ, ಅದೇ ಬ್ಲೆಬ್. ಬೇರೆ ಆಪರೇಷನ್‌ಗಳಲ್ಲಿ ಗಾಯ ಬೇಗ ಮಾಯಲಿ ಅಂತ ದೇವರಿಗೆ ಕೈಮುಗಿಯುತ್ತೇವೆ. ಇಲ್ಲಿ ಪೂರ್ತಿ ಮಾಯ್ದರೆ ದಾರಿಯೇ ಮುಚ್ಚಿತು, ಒತ್ತಡ ಮತ್ತೆ ಏರಿತು. ಅದನ್ನು ತಡೆಯಲು 1980ರ ದಶಕದಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಎರಡು ವಾರಕ್ಕೆ ಇದೇ ಔಷಧದ 21 ಇಂಜೆಕ್ಷನ್ ಕೊಟ್ಟಿದ್ದರು. ಕಣ್ಣಿಗೆ! 21 ಸೂಜಿ ಬದಲು ಒಂದೇ ಸೂಜಿ ಅಂತ ನಾನು ಸಿನಾಪ್ಸಿಸ್ ಬರೆದೆ. ಗೈಡ್ ಸರ್‌ಗೆ ಬಹಳ ಹಿಡಿಸಿತು.

20% ಪೊಲಾಕ್ಸಮರ್ 407 ತಗೊಂಡೆ. ಫ್ರಿಡ್ಜಿನಲ್ಲಿ ನೀರು, ಬೆಚ್ಚಗಾದರೆ ಗಟ್ಟಿ. ಟ್ಯೂಬ್ ಬೋರಲು ಹಾಕಿದರೂ ಬೀಳುತ್ತಿರಲಿಲ್ಲ. ಮೇ ತಿಂಗಳಲ್ಲಿ ನಮ್ಮ ಲ್ಯಾಬಿನ ಸೆಕೆಗೆ ಸಿರಿಂಜಿನಲ್ಲೇ ಗಟ್ಟಿಯಾಗಿ, 30 ಗೇಜಿನ ತೀರಾ ಸಣ್ಣ ಸೂಜಿಯಲ್ಲಿ ಒತ್ತಿ ಒತ್ತಿ ಹೆಬ್ಬೆರಳು ಊದಿಕೊಂಡಿತ್ತು. ಆಗಲೇ ಬುದ್ಧಿ ಬರಬೇಕಿತ್ತು.

ನನ್ನ ತಪ್ಪು ಆಗಿದ್ದು ಅದರ ಮುಂದಿನ ಹೆಜ್ಜೆಯಲ್ಲಿ. ಎಲ್ಲರೂ ಮಾಡ್ತಾರೆ ಅಂತ ಔಷಧ ಬೆರೆಸಿದ ಜೆಲ್ಲನ್ನು ಡಯಾಲಿಸಿಸ್ ಚೀಲದಲ್ಲಿ (ಸಣ್ಣ ಅಣುಗಳನ್ನು ಮಾತ್ರ ಹೊರಗೆ ಬಿಡುವ ತೆಳು ಪೊರೆಯ ಚೀಲ) ಕಟ್ಟಿ, ಬಫರ್ ಅನ್ನೋ ಉಪ್ಪಿನ ದ್ರಾವಣದಲ್ಲಿ ಮುಳುಗಿಸಿ, ಗಂಟೆಗೊಮ್ಮೆ ಸ್ಯಾಂಪಲ್ ತೆಗೆದೆ. ಇಡೀ ದಿನ ಔಷಧ ಬರುತ್ತಲೇ ಇತ್ತು. ಗ್ರಾಫ್ ಎಷ್ಟು ಚೆನ್ನಾಗಿತ್ತು ಅಂದರೆ ಫೋನಿನ ವಾಲ್‌ಪೇಪರ್ ಮಾಡಿಕೊಂಡಿದ್ದೆ. ಸೆಮಿನಾರ್‌ಗೆ ಬಂದಿದ್ದ ಒಬ್ಬ ಕಣ್ಣಿನ ಡಾಕ್ಟ್ರು ಸ್ಲೈಡ್ ನೋಡಿ ಒಂದೇ ಮಾತು ಕೇಳಿದರು: "ಈ ಚೀಲ ಕಣ್ಣಲ್ಲಿ ಎಲ್ಲಿರುತ್ತಪ್ಪಾ?"

ಚೀಲ ಎರಡು ಕೆಲಸ ಮಾಡಿತ್ತು. ಜೆಲ್ ಕರಗಿ ಹೋಗದ ಹಾಗೆ ಹಿಡಿದಿಟ್ಟಿತ್ತು. ಔಷಧವೂ ಚೀಲ ದಾಟಿಯೇ ಹೊರಗೆ ಬರಬೇಕಿತ್ತು. ಅಂದರೆ ನಾನು ಅಳೆದದ್ದು ಚೀಲದ ವೇಗ! ಪೊಲಾಕ್ಸಮರ್‌ನ ಕಣಗಳು ಒತ್ತೊತ್ತಾಗಿ ಕೂತಿವೆ ಅಂತ ಮಾತ್ರ ಅದು ಗಟ್ಟಿ. ಒಂದಕ್ಕೊಂದು ಗಂಟು ಹಾಕಿಕೊಂಡಿಲ್ಲ. ನೀರು ಬೆರೆತರೆ ಮತ್ತೆ ನೀರೇ. ಕಣ್ಣು ನಿಮಿಷಕ್ಕೆ ಸುಮಾರು 2.5 ಮೈಕ್ರೋಲೀಟರ್ ನೀರು ತಯಾರು ಮಾಡುತ್ತದೆ, ಗಂಟೆಗೆ 150. ನಾನು ಚುಚ್ಚಬೇಕು ಅಂದುಕೊಂಡಿದ್ದ ಜೆಲ್ 100 ಮೈಕ್ರೋಲೀಟರ್. ಆ ನೀರೆಲ್ಲ ಬ್ಲೆಬ್‌ಗೇ ಬರದಿದ್ದರೂ ಜೆಲ್ ತೊಳೆದು ಹಾಕಲು ಬೇಕಾದಷ್ಟಾಯಿತು. ಚೀಲ ತೆಗೆದು ಬಫರ್ ನೇರವಾಗಿ ಜೆಲ್ ಮೇಲೆ ಹಾಕಿ ನೋಡಿದೆ. ಬೆಳಿಗ್ಗೆ ಇಟ್ಟದ್ದು ಸಂಜೆ ಟೀ ಹೊತ್ತಿಗೆ ಇರಲಿಲ್ಲ. ಜೆಲ್ ಉಳಿದಿದ್ದರೂ ಲಾಭ ಅಷ್ಟಕ್ಕಷ್ಟೇ. ಬರೀ 130 ಅಣುತೂಕದ, ಅಂದರೆ ತೀರಾ ಪುಟ್ಟ ಅಣುವಿನ, ನೀರಿನಲ್ಲಿ ಕರಗುವ ಔಷಧವನ್ನು ಜೆಲ್‌ನಲ್ಲಿ ಹಿಡಿಯೋದು ಮೀನಿನ ಬಲೆಯಲ್ಲಿ ಸಾಸಿವೆ ಹಿಡಿದ ಹಾಗೆ.

ಆರು ತಿಂಗಳು ನೀರಿನಲ್ಲಿ ಹೋಮ. ಥೀಸಿಸ್ ಪಾಸಾಯಿತು ಬಿಡಿ, ಹೆಸರಿನಿಂದ 'ಸಸ್ಟೇನ್ಡ್' (ನಿಧಾನವಾಗಿ ಬಿಡುವ) ಅನ್ನೋ ಪದ ಕಿತ್ತು ಹಾಕಿದ ಮೇಲೆ.

ಈಗ ನಿಮ್ಮ 28 ದಿನದ ಮೈಟೋಮೈಸಿನ್. ಯಾವ ಪಾಲಿಮರ್ ಅನ್ನೋದು ಆಮೇಲೆ, ಇದನ್ನು ಮಾಡಲೇಬೇಡಿ ಅಂತೀನಿ. ಒಮ್ಮೆ ಆಪರೇಷನ್ ಥಿಯೇಟರಿನಲ್ಲಿ ನಿಂತು ನೋಡಿ. ಸಾಮಾನ್ಯವಾಗಿ ಮಿ.ಲೀ.ಗೆ 0.2ರಿಂದ 0.4 ಮಿ.ಗ್ರಾಂ ಇರುವ ಆ ನೇರಳೆ ದ್ರಾವಣವನ್ನು ಸ್ಪಂಜಿನಲ್ಲಿ ಅದ್ದಿ, ಎರಡು ಮೂರು ನಿಮಿಷ ಇಟ್ಟು, ಆಮೇಲೆ ಸಲೈನ್ ಸುರಿದು ಸುರಿದು ತೊಳೆಯುತ್ತಾರೆ. ಅಷ್ಟೇ ಹೊತ್ತಿಗೆ ಅದು ಜೀವಕೋಶಗಳ ಡಿಎನ್‌ಎ ಕೆಡಿಸಿರುತ್ತದೆ. ಜಾಸ್ತಿಯಾದರೆ ಬ್ಲೆಬ್ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಸೋರುತ್ತದೆ, ಒತ್ತಡ ಪಾತಾಳಕ್ಕೆ ಇಳಿಯುತ್ತದೆ, ಎಷ್ಟೋ ವರ್ಷ ಆದಮೇಲೂ ಸೋಂಕು ತಗಲಬಹುದು. ಡಾಕ್ಟ್ರು ತೊಳೆದು ತೆಗೆಯೋದನ್ನು ನೀವು ತಿಂಗಳು ಪೂರ್ತಿ ಒಳಗೇ ಬಿಡ್ತೀರಾ?

ತಿಂಗಳೇ ಬೇಕು ಅಂದರೆ ಪ್ರಾಜೆಕ್ಟ್‌ಗೆ ಡೆಕ್ಸಾಮೆಥಸೋನ್ ಅನ್ನೋ ಸ್ಟೀರಾಯ್ಡ್ ತಗೊಳ್ಳಿ. ಆಪರೇಷನ್ ಆದಮೇಲೆ ವಾರಗಟ್ಟಲೆ ಸ್ಟೀರಾಯ್ಡ್ ಹನಿ ಹೇಗೂ ಹಾಕ್ತಾರೆ, ವಯಸ್ಸಾದವರು ಮರೀತಾರೆ. ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕ ಡೆಕ್ಸ್‌ಟೆನ್ಜಾ ಇದೇ ಜಾಡಿನದು. ಪಾಲಿಎಥಿಲೀನ್ ಗ್ಲೈಕಾಲ್ ಹೈಡ್ರೋಜೆಲ್, 0.4 ಮಿ.ಗ್ರಾಂ ಔಷಧ, ಸುಮಾರು 30 ದಿನ. ಅದನ್ನು ಚುಚ್ಚಲ್ಲ, ಕಣ್ಣೀರಿನ ನಾಳದಲ್ಲಿ ಕೂರಿಸುತ್ತಾರೆ. ಡೆಕ್ಸಾಮೆಥಸೋನ್ ನೀರಿನಲ್ಲಿ ಸುಲಭವಾಗಿ ಕರಗಲ್ಲ, ಹಾಗಾಗಿ ಅರ್ಧ ಕೆಲಸ ಔಷಧವೇ ಮಾಡುತ್ತದೆ. ಆದರೆ ಸ್ಟೀರಾಯ್ಡ್ ಕೆಲವರಿಗೆ ಕಣ್ಣಿನ ಒತ್ತಡ ಏರಿಸುತ್ತದೆ, ವೈವಾದಲ್ಲಿ ಕೇಳೇ ಕೇಳ್ತಾರೆ.

ಮತ್ತೆ, ಡಯಾಲಿಸಿಸ್ ಮೆಂಬ್ರೇನ್ ಆರ್ಡರ್ ಮಾಡಿಬಿಟ್ಟಿದ್ದೀರಾ? ಸುರುಳಿ ಬಿಚ್ಚಿಲ್ಲದಿದ್ದರೆ ವಾಪಸ್ ತಗೋತಾರಾ ಕೇಳಿ ನೋಡಿ. ನನ್ನದು ಅರ್ಧ ಸುರುಳಿ ಇನ್ನೂ ಟ್ರಂಕಿನಲ್ಲಿದೆ.