ಅಧಿಕಾರ ಒಂದೇ ಕಡೆ ಸೇರದಂತೆ, ಬಡವರಿಗೂ ಪಾಲು ಸಿಗುವಂತೆ ಮಾಡಲು ಸರ್ಕಾರದಲ್ಲಿ ಮೊದಲು ಏನು ಬದಲಾಗಬೇಕು?

ಒಂದೇ ಒಂದು ಬದಲಾವಣೆ ಹೇಳಿ ಅಂತ ನೀವು ಕೇಳಿದ್ದೀರಿ. ನಾನು ವಿಜಯಪುರ ಜಿಲ್ಲೆಯ ಹಳ್ಳಿಯವನು, ಹಾಗಾಗಿ ದೆಹಲಿ ಬೆಂಗಳೂರಿನಿಂದ ಶುರು ಮಾಡೋದಿಲ್ಲ. ಜಿಲ್ಲಾ ಪಂಚಾಯತಿ ಮತ್ತು ತಾಲ್ಲೂಕು ಪಂಚಾಯತಿಗೆ ಐದು ವರ್ಷಕ್ಕೊಮ್ಮೆ ತಪ್ಪದೆ ಚುನಾವಣೆ ಆಗಬೇಕು. ಇದೇ ನನ್ನ ಉತ್ತರ.

ಇವೆರಡರ ಅವಧಿ ನಮ್ಮ ರಾಜ್ಯದಲ್ಲಿ 2021ರಲ್ಲೇ ಮುಗಿಯಿತು. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಅಂತ ಸಂವಿಧಾನದ 243ಇ ವಿಧಿಯಲ್ಲೇ ಇದೆ. ಆದರೆ ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟ್ ಕೇಸು ಅಂತ ವರ್ಷಗಟ್ಟಲೆ ಎಳೆದರು. ಒಂದು ಪಕ್ಷದ ಕಾಲದಲ್ಲಿ ಶುರುವಾದದ್ದು ಇನ್ನೊಂದು ಪಕ್ಷ ಬಂದ ಮೇಲೂ ನಡೆಯಿತು. ತಮ್ಮ ಕ್ಷೇತ್ರದಲ್ಲಿ ಇನ್ನೊಬ್ಬ ಲೀಡರ್ ಬೆಳೆಯೋದು ಹೆಚ್ಚಿನ ಶಾಸಕರಿಗೆ ಬೇಕಿಲ್ಲ ಅಂತ ನನಗೆ ಅನಿಸುತ್ತದೆ.

ಇದರಿಂದ ಏನಾಯಿತು ಅಂದರೆ, ಊರ ಗ್ರಾಮ ಪಂಚಾಯತಿಗೂ ವಿಧಾನಸೌಧಕ್ಕೂ ನಡುವೆ ಅಧಿಕಾರಿಯನ್ನು ಎದುರಿಗೆ ಕೂರಿಸಿಕೊಂಡು ಕೇಳುವ ಜನಪ್ರತಿನಿಧಿ ಶಾಸಕರೊಬ್ಬರೇ ಆದರು. ಈ ಪಂಚಾಯತಿಗಳ ಕೆಳಗೆ ಬರುವ ಶಾಲೆ, ಅಂಗನವಾಡಿ, ಆಸ್ಪತ್ರೆ, ಕುಡಿಯುವ ನೀರು, ಬಡವರಿಗೆ ದಿನಾ ಬೇಕಾಗೋದು ಇವೇ ಅಲ್ವಾ? ದುಡ್ಡಿದ್ದವರು ಬೋರು ಹಾಕಿಸಿಕೊಳ್ಳುತ್ತಾರೆ, ಮಕ್ಕಳನ್ನು ಕಾನ್ವೆಂಟಿಗೆ ಕಳಿಸುತ್ತಾರೆ. ಕೂಲಿ ಮಾಡುವವರು ಒಂದು ದಿನದ ಪಗಾರ ಬಿಟ್ಟು, ಬಸ್ಸಿಗೆ ದುಡ್ಡು ಹಾಕಿಕೊಂಡು ಹೋಗಿ ಶಾಸಕರ ಮನೆ ಮುಂದೆ ನಿಲ್ಲಬೇಕು. ಪರಿಚಯ ಇದ್ದವರ ಕೆಲಸ ಒಂದು ಫೋನಿನಲ್ಲಿ ಮುಗಿಯುತ್ತದೆ.

ನಮ್ಮ ಓಣಿಯ ಅಕ್ಕ ಒಬ್ಬರು ಹಿಂದೆ ತಾಲ್ಲೂಕು ಪಂಚಾಯತಿ ಸದಸ್ಯೆ ಆಗಿದ್ದರು. ಮಹಿಳಾ ಮೀಸಲು ಸೀಟು. ಮೊದಲ ಒಂದೂವರೆ ವರ್ಷ ಅವರ ಗಂಡನೇ ಎಲ್ಲ ಮಾತಾಡುತ್ತಿದ್ದ, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಒಂದು ಸಭೆಯಲ್ಲಿ ಅಂಗನವಾಡಿ ಸೋರುವ ವಿಷಯಕ್ಕೆ ಅಧಿಕಾರಿ "ನೋಡೋಣ" ಅಂದಾಗ ಅಕ್ಕ ಎದ್ದು ನಿಂತು, "ಸಾಹೇಬ್ರ, ಮಳಿ ಬಂದ್ರ ಹುಡುಗೂರ್ನ ಎಲ್ಲಿ ಕೂಡಸೂಣು, ನೀವ ಹೇಳ್ರಿ" ಅಂದರು. ಮುಂದಿನ ಮಳೆಗಾಲದ ಒಳಗೆ ರಿಪೇರಿ ಆಯಿತು. ಪಂಚಾಯತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ. ವಿಧಾನಸಭೆಯ 224ರಲ್ಲಿ 2023ರಲ್ಲಿ ಗೆದ್ದ ಹೆಂಗಸರು ಬರೀ 10 ಜನ. ಅಂದ ಮೇಲೆ ಚುನಾವಣೆ ನಿಲ್ಲಿಸಿದಾಗ ಯಾರ ಕುರ್ಚಿ ಹೋಯಿತು ಅಂತ ಯೋಚಿಸಿ ನೋಡಿ.

ಇದು ಆಗದ ಮಾತೇನಲ್ಲ. 1987ರಲ್ಲಿ ಇದೇ ಕರ್ನಾಟಕದಲ್ಲಿ ಜಿಲ್ಲಾ ಪರಿಷತ್ (ಈಗಿನ ಜಿಲ್ಲಾ ಪಂಚಾಯತಿ ಥರದ್ದೇ) ಚುನಾವಣೆ ಆಯಿತು. ಅದರ ಹಿಂದೆ ಇದ್ದವರು ಆಗಿನ ಪಂಚಾಯತ್ ರಾಜ್ ಸಚಿವ ಅಬ್ದುಲ್ ನಜೀರ್ ಸಾಬ್, ಊರೂರಿಗೆ ಬೋರ್‌ವೆಲ್ ಹಾಕಿಸಿ ಜನರ ಬಾಯಲ್ಲಿ ನೀರ್ ಸಾಬ್ ಆದವರು. ಆಗ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ. ಅಲ್ಲಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಸೀನಿಯರ್. ಜಿಲ್ಲೆಯ ಜನ ಆರಿಸಿದವರ ಕೈಕೆಳಗೆ ಅಷ್ಟು ದೊಡ್ಡ ಅಧಿಕಾರಿ ಕೆಲಸ ಮಾಡುತ್ತಿದ್ದರು!

ಉತ್ತರ ಕರ್ನಾಟಕಕ್ಕೆ ಜಾಸ್ತಿ ದುಡ್ಡು ಕೊಡಿ ಅಂತ ನಾವೂ ಕೇಳುತ್ತೇವೆ, ಕೇಳಲೇಬೇಕು. ರಾಜ್ಯದ ಯಾವ ಭಾಗ ಹಿಂದೆ ಬಿದ್ದಿದೆ ಅಂತ ನೋಡಿದ 2002ರ ನಂಜುಂಡಪ್ಪ ಸಮಿತಿ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತ ಲೆಕ್ಕ ಹಾಕಿ ತೋರಿಸಿತ್ತು. ಬೆಳಗಾವಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಾಗೆಲ್ಲ ಆ ವರದಿಯ ಹೆಸರು ಬರುತ್ತದೆ. ಆದರೆ ಬಂದ ದುಡ್ಡು ಯಾವ ಊರಿಗೆ ಹೋಯಿತು, ಯಾವ ಓಣಿ ಬಿಟ್ಟುಹೋಯಿತು ಅಂತ ಜಿಲ್ಲೆಯಲ್ಲೇ ಕೂತು ಕೇಳುವವರು ಬೇಕಲ್ಲ.

ಚುನಾವಣೆ ಬರುವ ತನಕ ಸುಮ್ನೆ ಕೂರಬೇಕಿಲ್ಲ. ಗ್ರಾಮ ಪಂಚಾಯತಿಯಲ್ಲಿ ವರ್ಷಕ್ಕೊಮ್ಮೆ ಜಮಾಬಂದಿ ಆಗುತ್ತದೆ, ಲೆಕ್ಕವನ್ನೂ ಕೆಲಸವನ್ನೂ ಜನರ ಮುಂದೆ ತೋರಿಸಬೇಕು. ನಮ್ಮ ಕಡೆ ಒಂದು ಊರಲ್ಲಿ ಮೊದಲೆಲ್ಲ ಹತ್ತು ಜನ ಬಂದು ಚಹಾ ಕುಡಿದು ಹೋಗುತ್ತಿದ್ದರು. ಒಂದು ವರ್ಷ ನಾವು ನಾಲ್ಕು ಜನ ಟೇಪು ಹಿಡಿದುಕೊಂಡು ಹೋಗಿ ಚರಂಡಿ ಅಳೆದೆವು. ಬಿಲ್ಲಿನಲ್ಲಿ ಇದ್ದಷ್ಟು ಉದ್ದ ನೆಲದ ಮೇಲೆ ಇರಲಿಲ್ಲ. ಉಳಿದದ್ದನ್ನು ಎರಡು ತಿಂಗಳಲ್ಲಿ ಕಟ್ಟಿಕೊಟ್ಟರು. ಆಮೇಲಿನ ಜಮಾಬಂದಿಗೆ ಆ ಓಣಿಯ ಹೆಂಗಸರೇ ಮುಂದೆ ಬಂದು ಕೂತಿದ್ದರು.