ಆ ರೆಕಾರ್ಡಿಂಗ್ ಡಿಲೀಟ್ ಮಾಡಬೇಡಿ

ನಿಮ್ಮ ಪತ್ರ ಓದಿ ಸಿಟ್ಟು ಬಂತು. ಯಾರ ಮೇಲೆ ಅಂತ ಮುಂದೆ ಹೇಳುತ್ತೇನೆ.

9 ವರ್ಷದಿಂದ ಹೆಸರಾಂತ ಸಂಗೀತ ನಿರ್ದೇಶಕರೊಬ್ಬರ ಹತ್ತಿರ ಅಸಿಸ್ಟೆಂಟ್ ಆಗಿದ್ದೀರಿ. ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡುತ್ತಾ ಮಾಡುತ್ತಾ ಟ್ಯೂನ್ ಹಾಕುವುದೂ ನಿಮ್ಮ ಪಾಲಿಗೆ ಬಂತು. ಈಚೆಗೆ ಹಿಟ್ ಆದ ಹಾಡಿನ ಪಲ್ಲವಿ, ಚರಣ ಎರಡೂ ನಿಮ್ಮವೇ. ಟೈಟಲ್ ಕಾರ್ಡ್‌ನಲ್ಲಿ ಹೆಸರು ಅವರದು. ಈಗ ಹೊಸ ನಿರ್ಮಾಪಕರೊಬ್ಬರು ಕರೆದಿದ್ದಾರೆ. ಹೋದರೆ ಗುರುದ್ರೋಹ ಆಗುತ್ತಾ ಅಂತ ಕೇಳಿದ್ದೀರಿ.

ಖಂಡಿತ ಆಗಲ್ಲ. ಇಳಯರಾಜ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಅಸಿಸ್ಟೆಂಟ್ ಆಗಿದ್ದವರು, 1976ರಲ್ಲಿ ಸ್ವತಂತ್ರವಾಗಿ ಬಂದರು. ಅದೇ ಇಳಯರಾಜ ಅವರಿಗೆ ಕೀಬೋರ್ಡ್ ನುಡಿಸುತ್ತಿದ್ದ ರೆಹಮಾನ್ 1992ರಲ್ಲಿ ತಮ್ಮ ದಾರಿ ಹಿಡಿದರು. ಇದನ್ನು ಯಾರೂ ದ್ರೋಹ ಅನ್ನಲಿಲ್ಲ, ಅಲ್ವಾ?

ನನಗೆ ಚುಚ್ಚಿದ್ದು ಬೇರೆ. ಪತ್ರದ ಕೊನೆಯಲ್ಲಿ ಸುಮ್ನೆ ಹೇಳಿದ ಹಾಗೆ ಬರೆದಿದ್ದೀರಿ: ‘ಹಾಡು ಫೈನಲ್ ಆದ ಮೇಲೆ ಫೋನಿನಲ್ಲಿ ಗುನುಗಿಟ್ಟಿದ್ದನ್ನು ಡಿಲೀಟ್ ಮಾಡುತ್ತೇನೆ, ಮ್ಯಾನೇಜರ್ ಹಾಗೆ ಹೇಳಿದ್ದಾರೆ.’

ಯಾಕೆ ಹೇಳಿದರು ಅಂತ ಯೋಚಿಸಿದ್ದೀರಾ? ಫ್ಯಾನಿನ ಸದ್ದಿನ ನಡುವೆ, ಸಾಹಿತ್ಯ ಇನ್ನೂ ಇಲ್ಲದೆ ‘ತನನ’ ಅಂತ ಹಾಡಿ, ಎರಡನೇ ಸಾಲಿನಲ್ಲಿ ತಪ್ಪಿ, ಮತ್ತೆ ಮೊದಲಿಂದ ಶುರು ಮಾಡಿದ ರೆಕಾರ್ಡಿಂಗ್ ಅದು. ಟ್ಯೂನ್ ಯಾರಿಗೆ ಹೊಳೆಯಿತು ಅನ್ನುವುದಕ್ಕೆ ತಾರೀಖು, ಗಂಟೆ ಸಮೇತ ಸಾಕ್ಷಿ. ನಮ್ಮ ಕಾಪಿರೈಟ್ ಕಾನೂನಿನಲ್ಲಿ, ಸ್ವರ ಬರೆದಿಟ್ಟಿರಲಿ ಬಿಡಲಿ, ಟ್ಯೂನ್ ಕಟ್ಟಿದವರೇ ಕಂಪೋಸರ್. 2012ರ ತಿದ್ದುಪಡಿಯ ನಂತರ, ಥಿಯೇಟರ್ ಆಚೆ ಹಾಡು ಬಳಕೆಯಾದರೆ ಬರುವ ರಾಯಲ್ಟಿಯಲ್ಲಿ ಅವರಿಗೆ ಸಮಪಾಲಿದೆ. ಬೇಡ ಅಂತ ನಿರ್ಮಾಪಕರಿಗೆ ಸಹಿ ಹಾಕಿಕೊಟ್ಟರೂ ಆ ಪಾಲು ಹೋಗುವುದಿಲ್ಲ. ಇಷ್ಟನ್ನೂ ನೀವು ಒಂದು ಬೆರಳಿನಲ್ಲಿ ಅಳಿಸುತ್ತಿದ್ದೀರಿ.

ನಿಮ್ಮ ಗುರುಗಳ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಕೈತುಂಬ ಸಿನಿಮಾ ಒಪ್ಪಿಕೊಂಡು, ಹಿನ್ನೆಲೆ ಸಂಗೀತದ ರೀರೆಕಾರ್ಡಿಂಗ್ ಮುಗಿಯದೆ ರಿಲೀಸ್ ಡೇಟ್ ಎದುರು ನಿಂತಾಗ ಶಿಷ್ಯನ ಟ್ಯೂನ್ ತೆಗೆದುಕೊಂಡಿರಬಹುದು. ಕೇಳಿದ್ದರೆ ಹೆಸರು ಹಾಕುತ್ತಿದ್ದರೋ ಏನೋ. ಸಿಟ್ಟೆಲ್ಲ ಆ ಮ್ಯಾನೇಜರ್ ಮೇಲೆ. ಗುರು ಶಿಷ್ಯರ ಮಧ್ಯೆ ನಿಂತು ನಿಮಗೆ ಕೇಳುವ ಅವಕಾಶವನ್ನೇ ಕೊಟ್ಟಿಲ್ಲ ಅವರು. ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ: ದುಡಿದವರು ಹೆಸರು ಕೇಳುವುದು ದುರಾಸೆ ಅಲ್ಲ.

ಹೊಸ ಸಿನಿಮಾ ವಿಷಯ ಆಮೇಲೆ ನೋಡೋಣ. ಫೋನಿನಲ್ಲಿ ಉಳಿದಿರುವ ರೆಕಾರ್ಡಿಂಗ್‌ಗಳನ್ನೆಲ್ಲ ಇವತ್ತೇ ನಿಮ್ಮ ಇಮೇಲ್‌ಗೆ ಕಳಿಸಿಕೊಳ್ಳಿ. ಮ್ಯಾನೇಜರ್ ಕೇಳಿದರೆ ‘ಇನ್ಮೇಲೆ ಡಿಲೀಟ್ ಮಾಡಲ್ಲ ಸಾರ್’ ಅನ್ನಿ.