ಟರ್ಬೊ ಕಾರಿನ ಲಾಗ್ ಓದುವ ಬಗೆ

ಪ್ರಶ್ನೆ: ಟರ್ಬೊ ಪೆಟ್ರೋಲ್ ಕಾರಿನ ಬೂಸ್ಟ್ (ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ) ಸ್ವಲ್ಪ ಹೆಚ್ಚಿಸಿ, ಮೂರನೇ ಗೇರಿನಲ್ಲಿ ಎಕ್ಸಿಲರೇಟರ್ ಪೂರ್ತಿ ಒತ್ತಿ ಲಾಗ್ (ಎಂಜಿನ್ ಸೆನ್ಸರ್‌ಗಳ ಅಂಕಿಗಳ ದಾಖಲೆ) ತೆಗೆದಿದ್ದೇನೆ. ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡ 190 ಕಿಲೋಪಾಸ್ಕಲ್ ಇದೆ. 3500 ಆರ್‌ಪಿಎಂ ಬಳಿ ಮೂರನೇ ಸಿಲಿಂಡರಿನ ಇಗ್ನಿಶನ್ ಟೈಮಿಂಗ್ 4 ಡಿಗ್ರಿ ಹಿಂದೆ ಸರಿದಿದೆ, ಅಂದರೆ ಕಿಡಿ ತಡವಾಗಿ ಹಾರುತ್ತಿದೆ. 5500ರಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನ ಅನುಪಾತದ ಅಳತೆ; 1ಕ್ಕಿಂತ ಕಡಿಮೆಯಿದ್ದರೆ ಇಂಧನ ಹೆಚ್ಚು) 0.82ರಿಂದ 0.92ಕ್ಕೆ ಏರಿದೆ. ಓಡಿಸುವಾಗ ಯಾವ ತೊಂದರೆಯೂ ಕಾಣುತ್ತಿಲ್ಲ. ಬೂಸ್ಟ್ ಇನ್ನಷ್ಟು ಏರಿಸಬಹುದೇ?

ಉತ್ತರ: ಬೇಡ. ನಾಕಿಂಗ್ (ಸಿಲಿಂಡರಿನಲ್ಲಿ ಇಂಧನ ತಾನಾಗಿಯೇ ಸಿಡಿದು ಉರಿಯುವುದು) ಸದ್ದು ನಿಮ್ಮ ಕಿವಿಗೆ ಬೀಳುವ ಮೊದಲೇ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅದನ್ನು ಗುರುತಿಸಿ ಟೈಮಿಂಗನ್ನು ಹಿಂದಕ್ಕೆಳೆಯುತ್ತಿರುವುದರಿಂದಲೇ ನಿಮಗೆ ತೊಂದರೆ ಕಾಣುತ್ತಿಲ್ಲ.

ಹೆಚ್ಚು ಆತಂಕದ ಸಂಗತಿ ಲ್ಯಾಂಬ್ಡಾ. ಪೂರ್ಣ ಬೂಸ್ಟಿನಲ್ಲಿ ಅನೇಕ ಪೆಟ್ರೋಲ್ ಎಂಜಿನ್‌ಗಳನ್ನು 0.78ರಿಂದ 0.85ರ ನಡುವೆ ಓಡಿಸುತ್ತಾರೆ, ಏಕೆಂದರೆ ಹೆಚ್ಚುವರಿ ಪೆಟ್ರೋಲ್ ಆವಿಯಾಗುತ್ತಾ ಸಿಲಿಂಡರಿನ ಬಿಸಿಯನ್ನು ತಗ್ಗಿಸಿ ನಾಕಿಂಗನ್ನು ದೂರವಿಡುತ್ತದೆ. ಇಸಿಯು ಕೇಳಿದ ಲ್ಯಾಂಬ್ಡಾ ಎಷ್ಟೆಂಬುದನ್ನೂ ಇಂಧನ ರೈಲಿನ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಯ) ಒತ್ತಡವನ್ನೂ ಅದೇ ಲಾಗಿಗೆ ಸೇರಿಸಿ. ಕೇಳಿದ್ದು 0.82 ಆಗಿದ್ದು, ಸಿಕ್ಕಿದ್ದು 0.92 ಆದ ಕ್ಷಣದಲ್ಲೇ ರೈಲಿನ ಒತ್ತಡವೂ ಕುಸಿದಿದ್ದರೆ ಪಂಪ್ ಅಥವಾ ಫಿಲ್ಟರ್ ಸಾಲುತ್ತಿಲ್ಲ ಎಂದು ಶಂಕಿಸಬೇಕು. ಒತ್ತಡ ಕುಸಿಯದೆ ಇದ್ದೂ ಇಂಜೆಕ್ಟರ್‌ಗಳು ತೆರೆದಿರುವ ಅವಧಿ ತನ್ನ ಮಿತಿ ಮುಟ್ಟಿದ್ದರೆ ಅವುಗಳ ಸಾಮರ್ಥ್ಯವೇ ಮುಗಿದಿದೆ. ಎರಡೂ ಸರಿಯಿದ್ದರೆ, ಒಳಬರುವ ಗಾಳಿಯನ್ನು ಸೆನ್ಸರ್ ಕಡಿಮೆ ಅಳೆಯುತ್ತಿದೆಯೇ ಎಂದು ನೋಡಿ. ಈ ಮೂರರಲ್ಲಿ ಯಾವುದೆಂದು ತಿಳಿಯುವವರೆಗೆ ಬೂಸ್ಟನ್ನು ಮೂಲ ಮಟ್ಟಕ್ಕೆ ಇಳಿಸಿ.

ಇನ್ನು ಆ 4 ಡಿಗ್ರಿ. ನಾಕ್ ಸೆನ್ಸರ್ ಕಂಪನವನ್ನಷ್ಟೇ ಗ್ರಹಿಸುತ್ತದೆ. ಸಡಿಲವಾದ ಬ್ರಾಕೆಟ್ ಬಡಿದರೂ ಅದಕ್ಕೆ ನಾಕಿಂಗಿನಂತೆಯೇ ತೋರಬಹುದು. ಆ ಆರ್‌ಪಿಎಂ ಭಾಗದಲ್ಲಿ ಮಾತ್ರ ಟೈಮಿಂಗ್ ನಕ್ಷೆಯನ್ನು 2 ಡಿಗ್ರಿ ತಗ್ಗಿಸಿ ಮತ್ತೊಮ್ಮೆ ಲಾಗ್ ತೆಗೆಯಿರಿ: ಹಿಂದೆಗೆತ ಕಡಿಮೆಯಾದರೆ ನಾಕಿಂಗ್ ನಿಜ, ಕದಲದೆ ಉಳಿದರೆ ಬಹುಶಃ ಯಾಂತ್ರಿಕ ಸದ್ದು. ಒಂದೇ ಸಿಲಿಂಡರಿಗೆ ಸೀಮಿತವಾಗಿರುವುದರಿಂದ ಅದರ ಸ್ಪಾರ್ಕ್ ಪ್ಲಗ್ ಮತ್ತು ಇಂಜೆಕ್ಟರನ್ನು ಮೊದಲು ಬಿಚ್ಚಿ ನೋಡುವುದು ಒಳ್ಳೆಯದು. ಇಸಿಯು ಟೈಮಿಂಗನ್ನು ಥಟ್ಟನೆ ಎಳೆದು ಮೆಲ್ಲಗೆ ಮರಳಿಸುತ್ತದೆ. ಹೀಗಾಗಿ ಗೆರೆ ಕಡಿದಾಗಿ ಬಿದ್ದ ಜಾಗವನ್ನಷ್ಟೇ ನಾಕಿಂಗ್ ಎಂದು ಎಣಿಸಿ, ನಂತರ ಮೆಲ್ಲಗೆ ಮರಳುವ ಭಾಗವನ್ನಲ್ಲ. ಒಳಸೇರುವ ಗಾಳಿಯ ಉಷ್ಣಾಂಶವನ್ನು ನೀವು ಬರೆದೇ ಇಲ್ಲ. ಬಿಸಿಯಾದ ಇಂಟರ್‌ಕೂಲರ್‌ನೊಂದಿಗೆ (ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಭಾಗ) ಸತತ ಓಟ ಓಡಿಸಿ ಒಂದನ್ನೊಂದು ಹೋಲಿಸಿದರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ಬೇಕಾದ ನಾಲ್ಕೈದು ಅಂಕಿಗಳನ್ನು ಮಾತ್ರ ಲಾಗ್ ಮಾಡಿ; ಹೆಚ್ಚು ಸೇರಿಸಿದಷ್ಟೂ ಲಾಗ್ ನಿಧಾನವಾಗಬಹುದು. 6000 ಆರ್‌ಪಿಎಂನಲ್ಲಿ ಪ್ರತಿ ಸಿಲಿಂಡರ್ ಸೆಕೆಂಡಿಗೆ 50 ಸಲ ಉರಿಯುತ್ತದೆ. ಸೆಕೆಂಡಿಗೆ 5 ಸಲ ಬರೆಯುವ ಲಾಗಿನಲ್ಲಿ ಎರಡು ಸಾಲುಗಳ ನಡುವೆ 10 ದಹನಗಳು ಕಾಣದೇ ಹೋಗುತ್ತವೆ. ಪರೀಕ್ಷೆಯನ್ನು ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಅಳೆಯುವ ಯಂತ್ರ) ಮೇಲೆ ನಡೆಸಿ, ಸಾರ್ವಜನಿಕ ರಸ್ತೆಯಲ್ಲಿ ಬೇಡ.

ಪ್ರಶ್ನೆ: ಹಳೆಯ ಕಾರಿನ ನ್ಯಾರೋಬ್ಯಾಂಡ್ ಆಕ್ಸಿಜನ್ ಸೆನ್ಸರ್ ನೋಡಿಕೊಂಡೇ ಟ್ಯೂನ್ ಮಾಡಬಹುದೇ?

ಉತ್ತರ: ಪೂರ್ಣ ಲೋಡಿಗೆ ಸಾಲದು. ಲ್ಯಾಂಬ್ಡಾ 1ರ ಆಸುಪಾಸಿನಲ್ಲಿ ಅದರ ವೋಲ್ಟೇಜ್ ಸುಮಾರು 0.1ರಿಂದ 0.9ರ ನಡುವೆ ಜಿಗಿಯುತ್ತದೆ, ಅಷ್ಟೆ; 0.82ಕ್ಕೂ 0.90ಕ್ಕೂ ಇರುವ ವ್ಯತ್ಯಾಸವನ್ನು ಅದು ನಂಬುವಂತೆ ತೋರಿಸಲಾರದು. ಲ್ಯಾಂಬ್ಡಾವನ್ನು ವಿಶಾಲ ವ್ಯಾಪ್ತಿಯಲ್ಲಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿಸಿಕೊಂಡ ನಂತರವೇ ಬೂಸ್ಟಿನ ಕಡೆ ಕೈ ಹಾಕಿ.